ಶರಾವತಿ ಅಳಿವೆ, ಮಾವನ ಬೋಟು ಮತ್ತು ಒಂದೂವರೆ ಅಡಿ ವೈರ್

ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಹೊನ್ನಾವರಕ್ಕೆ ಹೊರಟರೆ, ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ನಿದ್ದೆ ಹೇಗೂ ಹಾರಿಹೋಗುತ್ತದೆ. ಘಟ್ಟ ಇಳಿದ ಮೇಲೆ ಕಿಟಕಿ ತೆಗೆದು ನೋಡಿ. ಜೋಗದಲ್ಲಿ ಧುಮುಕಿದ ಅದೇ ಶರಾವತಿ ಇಲ್ಲಿ ಏನೂ ಆಗದವಳ ಹಾಗೆ ಅಗಲವಾಗಿ, ನಿಧಾನವಾಗಿ, ತೆಂಗಿನ ತೋಟಗಳ ನಡುವೆ ಹರಿಯುತ್ತಿರುತ್ತಾಳೆ.

ಕಳೆದ ಡಿಸೆಂಬರಲ್ಲಿ ಆಫೀಸಿನ ಮೂವರು ಗೆಳತಿಯರನ್ನು ಕರ್ಕೊಂಡು ಹೋಗಿದ್ದೆ. ನನ್ನ ಸೋದರಮಾವ ಅಲ್ಲಿ ಪ್ರವಾಸಿಗರ ಬೋಟು ಓಡಿಸ್ತಾರೆ. ಹೊರಡುವ ಮುಂಚೆ ಫೋನ್ ಮಾಡಿದಾಗ, "ಬನ್ನಿ ತಂಗಿ, ಇಲ್ಲಿ ಎಲ್ಲ ಅರಾಮ" ಅಂದಿದ್ದರು. ಮಾವ ಯಾವತ್ತೂ ಹೇಳೋದು ಅಷ್ಟೇ.

ಹೊನ್ನಾವರದ ಅಳಿವೆಯನ್ನು ಒಮ್ಮೆ ನೀರಿನ ಮೇಲಿಂದಲೇ ನೋಡಬೇಕು. ಒಂದು ಕಡೆ 2 ಕಿಲೋಮೀಟರಿಗೂ ಉದ್ದದ ಕೊಂಕಣ ರೈಲು ಸೇತುವೆ, ಇನ್ನೊಂದು ಕಡೆ ಕಾಸರಕೋಡಿನ ಕಾಂಡ್ಲಾ ಕಾಡು, ನಡುವೆ ಮಾವಿನಕುರ್ವೆಯಂಥ ನಡುಗಡ್ಡೆಗಳು. ನೋಡೋಕೆ ಸಮುದ್ರದಷ್ಟು ನೀರು. ಆದರೆ ಇಳಿತದ ಹೊತ್ತಲ್ಲಿ ಎಷ್ಟೋ ಕಡೆ ಮೊಣಕಾಲು ಮುಳುಗದಷ್ಟೇ ಆಳ. ಒಂದು ಕಡೆಯಿಂದ ಸಮುದ್ರದ ಉಬ್ಬರ-ಇಳಿತ, ಇನ್ನೊಂದು ಕಡೆಯಿಂದ ಮೇಲಿನ ವಿದ್ಯುದಾಗಾರಗಳು ಬಿಡುವ ನೀರು. ಇವೆರಡರ ಲೆಕ್ಕ ಗೊತ್ತಿಲ್ಲದವರ ಬೋಟು ಮರಳಿನ ಮೇಲೆ ಕೂರುತ್ತದೆ.

ಮಾವನಿಗೆ ಆ ಲೆಕ್ಕ ಬಾಯಿಪಾಠ. ಆದರೂ ಅವತ್ತು ಕಾಂಡ್ಲಾ ಪಕ್ಕ ನೀರು ತೆಳ್ಳಗಾದ ಕೂಡಲೇ ಇಂಜಿನ್ ಬಂದ್ ಮಾಡಿ, ಹಿಂದೆ ಹೋಗಿ, ಬಗ್ಗಿ, ಎರಡೂ ಕೈಯಲ್ಲಿ ಮೋಟಾರನ್ನು ಮೇಲಕ್ಕೆ ಎಳೆದರು. ಮುಖ ಕೆಂಪಾಯಿತು. ನೂರು ಕಿಲೋ ದಾಟಿದ ಹಳೇ 60 ಎಚ್‌ಪಿ ಮೋಟಾರ್ ಅದು. ಎಳೆದಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

"ಎಂತ ಆಯ್ತು ಮಾವ? ಬಟನ್ ಇತ್ತಲ್ಲ?"

"ಎಂತ ಇಲ್ಲ, ಸಣ್ಣ ರಗಳೆ. ಬಟನ್ ಒತ್ತಿದ್ರೆ ಟಿಕ್ ಅಂತದೆ, ಮುಂದೆ ಸುದ್ದಿಲ್ಲ."

ಆ ಬಟನ್ ಟ್ರಿಮ್‌ನದ್ದು. ಬೋಟಿನ ಹಿಂದೆ ನೇತಾಡುವ ಮೋಟಾರಿನ ಕಾಲನ್ನು ಮೇಲೆ-ಕೆಳಗೆ ಮಾಡೋ ವ್ಯವಸ್ಥೆ. ಹೊರಡುವಾಗ ಕಾಲು ಪೂರ್ತಿ ಕೆಳಗಿರಬೇಕು, ವೇಗ ಬಂದ ಮೇಲೆ ಸ್ವಲ್ಪ ಮೇಲೆತ್ತಿದರೆ ಬೋಟು ಹಗುರಾಗಿ ಓಡುತ್ತದೆ. ನೀರು ಕಮ್ಮಿ ಇರೋ ಕಡೆ ಇನ್ನೂ ಎತ್ತದಿದ್ದರೆ ಪಂಕ ಮರಳಿಗೆ ಬಡಿಯುತ್ತದೆ. ಎತ್ತುವ ಕೆಲಸ ಮಾಡೋದು ಒಂದು ಪುಟ್ಟ ವಿದ್ಯುತ್ ಮೋಟಾರ್. ಅದು ಎಣ್ಣೆಯ ಪಂಪ್ ತಿರುಗಿಸುತ್ತದೆ, ಎಣ್ಣೆಯ ಒತ್ತಡ ಕಾಲನ್ನು ಎತ್ತುತ್ತದೆ. ಅದು ಕೆಟ್ಟರೆ ಪಕ್ಕದ ಒಂದು ಸ್ಕ್ರೂ ಸಡಿಲಿಸಿ ಕೈಯಲ್ಲೇ ಎತ್ತಬಹುದು.

ಮಾವ ಮೂರು ವಾರದಿಂದ ಹಾಗೇ ಎತ್ತುತ್ತಿದ್ದರಂತೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಹೇಳಿದರು: "ದಿನಾ ಸೊಂಟಕ್ಕೆ ಎಣ್ಣೆ ತಿಕ್ಕೋದೇ ಆಯ್ತು. ಬೋಟು ಮಾರ್ತಾರಂತೆ. ಗಿರಾಕಿ ಭಾನುವಾರ ಬರ್ತಾರೆ."

ಇನ್ನೊಂದು ಭಯವೂ ಇತ್ತು. ಆ ಸ್ಕ್ರೂ ಸಡಿಲವಿದ್ದರೆ ರಿವರ್ಸ್ ಹಾಕಿದಾಗ ಕಾಲನ್ನು ಹಿಡಿದಿಡೋಕೆ ಏನೂ ಇರೋದಿಲ್ಲ, ಅದು ತಾನಾಗೇ ಮೇಲಕ್ಕೆ ಎಗರಬಹುದು. ಧಕ್ಕೆ ಹತ್ತಿರ ಬೋಟು ನಿಲ್ಲಿಸೋದು ರಿವರ್ಸ್‌ನಲ್ಲೇ. ಬೋಟಿನ ತುಂಬ ಮಕ್ಕಳು ಮರಿ ಇರ್ತಾರೆ.

ಪೇಟೆಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿದ್ದರು. ಟ್ರಿಮ್ ಮೋಟಾರಿನ ಪ್ಲಗ್ ಬಿಚ್ಚಿ, ಬಟನ್ ಒತ್ತಿಸಿ, ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ಬರ್ತಿತ್ತು. "ಕರೆಂಟ್ ಬರ್ತಾ ಉಂಟು, ಮೋಟಾರೇ ಹೋಗಿದೆ" ಅಂದರು. ಇಷ್ಟು ಹಳೇ ಮಾಡೆಲ್‌ಗೆ ಹೊಸ ಟ್ರಿಮ್ ಮೋಟಾರ್ ತರಿಸೋ ಖರ್ಚು ಕೇಳಿ ಮಾವ ಮಾರೋ ಮನಸ್ಸು ಮಾಡಿದ್ದು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡೋದು ಸಾಫ್ಟ್‌ವೇರ್. ಸೋಲ್ಡರಿಂಗ್ ಐರನ್ ಹಿಡಿದು ಎಂಟು ವರ್ಷ ಆಗಿತ್ತು. ಆದರೂ ಶನಿವಾರ ಬೆಳಿಗ್ಗೆ ಗೆಳತಿಯರನ್ನು ಕಾಸರಕೋಡು ಕಡಲತೀರಕ್ಕೆ ಕಳಿಸಿ ನಾನು ಧಕ್ಕೆಯಲ್ಲಿ ಕೂತೆ. ಮೊದಲು ಮೋಟಾರ್ ಎತ್ತಿ, ಆಸರೆಯ ಕೊಕ್ಕೆ ಹಾಕಿಸಿದೆ. ಎತ್ತಿಟ್ಟ ಮೋಟಾರಿನ ಕೆಳಗೆ ಕೊಕ್ಕೆ ಇದ್ದರೂ ತಲೆ ಹಾಕಬಾರದು.

ಲೆಕ್ಕ ಹೀಗಿತ್ತು. ಬಟನ್ ಒತ್ತಿದಾಗ ಟಿಕ್ ಸದ್ದೇ ಬರದಿದ್ದರೆ ಫ್ಯೂಸ್, ಬಟನ್, ಅದರ ವೈರು ನೋಡಬೇಕು. ಮೋಟಾರ್ ಗುಂಯ್ ಅಂದರೂ ಕಾಲು ಏಳದಿದ್ದರೆ ತೊಂದರೆ ಎಣ್ಣೆ ಅಥವಾ ಪಂಪಿನದು. ಮೇಲೆ ಹೋಗುತ್ತದೆ, ಕೆಳಗೆ ಬರೋದಿಲ್ಲ ಅಂದರೆ ಎರಡು ರಿಲೇಗಳನ್ನು ಅದಲುಬದಲು ಮಾಡಿ ನೋಡಬೇಕು. ತೊಂದರೆ ಜಾಗ ಬದಲಿಸಿದರೆ ರಿಲೇಯೇ ಕಳ್ಳ.

ನಮ್ಮದರಲ್ಲಿ ಎರಡೂ ಕಡೆ ಟಿಕ್ ಬರ್ತಿತ್ತು, ಎರಡೂ ಕಡೆ ಕಾಲು ಅಲುಗುತ್ತಿರಲಿಲ್ಲ. ಅಂದರೆ ತಪ್ಪು ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿ: ರಿಲೇಗೆ ಬರುವ ದಪ್ಪ ಕೆಂಪು ವೈರು, ಅರ್ಥಿಂಗಿನ ಕಪ್ಪು ವೈರು, ಇಲ್ಲಾ ಮೋಟಾರ್.

ನಾನೂ ಮೀಟರ್ ಹಿಡಿದೆ. ನನಗೂ ಅದೇ 12 ವೋಲ್ಟ್! ಮಾವ ನಕ್ಕರು. "ಮೀಟರ್ ಸುಳ್ಳು ಹೇಳ್ತದಾ ತಂಗಿ?"

ಸುಳ್ಳಲ್ಲ, ಅರ್ಧ ಸತ್ಯ. ಮೀಟರ್ ಕೆಲಸ ಮಾಡೋಕೆ ಕರೆಂಟ್ ಬೇಕಾಗೋದೇ ಇಲ್ಲ ಅನ್ನಬಹುದು. ಟ್ರಿಮ್ ಮೋಟಾರಿಗೆ ಹತ್ತಾರು ಆಂಪಿಯರ್ ಬೇಕು. ಮನೆಯ ಪೈಪಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ತೆರೆದಾಗ ಮಾತ್ರ ಗೊತ್ತಾಗೋದು ಬರೋದು ಬರೀ ತೊಟ್ಟು ಅಂತ. ವೈರಿನ ಮೇಲೆ ಭಾರ ಹಾಕದೆ ಅದರ ಗುಟ್ಟು ತಿಳಿಯೋದಿಲ್ಲ.

ಧಕ್ಕೆಯ ಮೇಲಿದ್ದ ರಿಕ್ಷಾ ಅಣ್ಣನ ಹತ್ತಿರ ಹಳೇ 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬು ಸಿಕ್ಕಿತು. ಅದಕ್ಕೆ ಎರಡು ವೈರು ಸಿಕ್ಕಿಸಿ ಮೋಟಾರಿನ ಪ್ಲಗ್‌ಗೆ ಹಿಡಿದು ಮಾವನಿಗೆ ಬಟನ್ ಒತ್ತಿ ಅಂದೆ. ಬಲ್ಬಿನೊಳಗೆ ತಂತಿ ಆರುವ ಕೆಂಡದ ಹಾಗೆ ಮಂಕಾಗಿ ಕೆಂಪಾಯಿತು, ಅಷ್ಟೇ. ಮೀಟರ್‌ಗೆ 12 ವೋಲ್ಟ್ ತೋರಿಸಿದ್ದ ಜಾಗ ಅದೇ!

ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ರಿಲೇಗೆ ಬರುವ ಕೆಂಪು ವೈರಿನ ತುದಿಯಲ್ಲಿ ಬಲ್ಬು ಮಂಕು. ಅದೇ ವೈರು ಶುರುವಾಗುವ ಕಡೆ, ಸ್ಟಾರ್ಟರ್ ಸೊಲೆನಾಯ್ಡಿನ ಬೋಲ್ಟಿನ ಮೇಲೆ, ಕಣ್ಣು ಕುಕ್ಕುವ ಬೆಳಕು. ನಡುವೆ ಇದ್ದದ್ದು ಒಂದೂವರೆ ಅಡಿ ವೈರು. ಖಾತ್ರಿಗೆ ಮೋಟಾರನ್ನು ಮತ್ತೆ ಜೋಡಿಸಿ, ಬಟನ್ ಒತ್ತಿಸಿ, ಆ ವೈರಿನ ಎರಡು ತುದಿಗೆ ಮೀಟರ್ ಹಿಡಿದೆ. ಒಳ್ಳೇ ವೈರಾಗಿದ್ದರೆ ಅರ್ಧ ವೋಲ್ಟೂ ತೋರಿಸಬಾರದು. 10 ದಾಟಿತು. ಬ್ಯಾಟರಿಯ ಶಕ್ತಿಯನ್ನೆಲ್ಲ ಆ ವೈರೇ ನುಂಗುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ ವೈರನ್ನು ಕತ್ತರಿಸಿದೆ. ಹೊರಗಿನ ಕೆಂಪು ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಒಳಗಿನ ತಾಮ್ರ ಹಸಿರು-ಕಪ್ಪು ಪುಡಿಯಾಗಿ ಕೈಗೆ ಉದುರಿತು. ಉಪ್ಪುನೀರು ತುದಿಯ ರಿಂಗಿನಿಂದ ಒಳಗೆ ಹತ್ತಿ, ಎಳೆ ಎಳೆಯಾಗಿ ತಿಂದುಹಾಕಿತ್ತು. ನಾಲ್ಕಾರು ಎಳೆ ಉಳಿದಿದ್ದವೇನೋ, ಮೀಟರ್‌ಗೆ ಉತ್ತರ ಕೊಡುವಷ್ಟು.

ಮಾವ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಹೊರಗಿಂದ ಎಂತದೂ ಗೊತ್ತಾಗೂದಿಲ್ಲ ನೋಡು."

"ಹೌದು ಮಾವ, ನೀವು ಫೋನಲ್ಲಿ ಅರಾಮ ಅಂದ ಹಾಗೆ" ಅಂದೆ. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಸೊಂಟ ನೋಯ್ತದೆ, ಸೋಮವಾರ ಡಾಕ್ಟರ್ ಹತ್ರ ಹೋಗುವ" ಅಂದರು.

ಅಷ್ಟೇ ದಪ್ಪದ, ತವರ ಬಳಿದ ತಾಮ್ರದ ವೈರು ತಂದೆವು. ಉಪ್ಪುಗಾಳಿಗೆ ಅದು ಹೆಚ್ಚು ತಾಳುತ್ತದೆ. ಹೊಸ ರಿಂಗು ಒತ್ತಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಬೋಲ್ಟಿಗೆ ಗ್ರೀಸ್ ಸವರಿ ಬಿಗಿದೆವು. ಒಟ್ಟು ಖರ್ಚು 300 ರೂಪಾಯಿ ದಾಟಲಿಲ್ಲ. ಸಡಿಲಿಸಿದ್ದ ಸ್ಕ್ರೂ ಬಿಗಿ ಮಾಡಿ, ಎಣ್ಣೆ ಮಟ್ಟ ನೋಡಿ, ಮಾವ ಬಟನ್ ಒತ್ತಿದರು. ಟಿಕ್. ಆಮೇಲೆ ಗುಂಯ್. ಕಾಲು ಮೆಲ್ಲಗೆ ಮೇಲೆದ್ದಿತು. ಅತ್ತೆ ದಡದಿಂದಲೇ ಚಪ್ಪಾಳೆ ತಟ್ಟಿದರು.

ಸಂಜೆ ಉಬ್ಬರ ಇಳಿಯುವ ಹೊತ್ತಿಗೆ ನಾಲ್ವರನ್ನೂ ಕೂರಿಸಿಕೊಂಡು ಮಾವ ರೈಲು ಸೇತುವೆ ಕೆಳಗೆ ಹೋದರು. ಮೇಲೆ ಗಾಡಿಯೊಂದು ದಡದಡ ಅಂತ ದಾಟಿತು. ಮರಳು ದಿಬ್ಬ ಬಂದಾಗ ಮಾವ ಎದ್ದೇಳಲಿಲ್ಲ. ಹೆಬ್ಬೆರಳಲ್ಲಿ ಬಟನ್ ಒತ್ತಿ, ಗೆಳತಿಯರಿಗೆ ಕೊಕ್ಕರೆ ತೋರಿಸುತ್ತಿದ್ದರು.

ನೀವೂ ಹೋಗಿ. ಮಳೆ ಮುಗಿದು ಬೇಸಿಗೆ ಹತ್ತುವ ಮುಂಚಿನ ತಿಂಗಳುಗಳು ಚಂದ. ಉಬ್ಬರ ಯಾವ ಹೊತ್ತಿಗೆ ಅಂತ ಕೇಳಿ ಹೊರಡಿ, ಲೈಫ್ ಜಾಕೆಟ್ ಹಾಕದೆ ಬೋಟು ಹತ್ತಬೇಡಿ. ಊರಲ್ಲಿ ನಿಮ್ಮ ಮಾವನೋ ಅಪ್ಪನೋ ಫೋನಲ್ಲಿ "ಅರಾಮ" ಅಂದರೆ, ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಭಾನುವಾರ ಗಿರಾಕಿ ಬಂದಿದ್ದರು. ಅತ್ತೆ ಚಹಾ ಕೊಟ್ಟು ಕಳಿಸಿದರು.