ಒಂಬತ್ತನೆಯ ತಾರೀಖಿನ ಪಯಣ

ನಮ್ಮ ಊರಿನಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸವದತ್ತಿಯಿಂದ ಹೊರಟ ಬಸ್ಸು ಇನಾಮಹೊಂಗಲ, ಹಾರೋಬೆಳವಡಿ, ಅಮ್ಮಿನಭಾವಿಗಳನ್ನು ದಾಟಿ ಧಾರವಾಡವನ್ನು ಸೇರುತ್ತದೆ. ಬಾಲ್ಯದಲ್ಲಿ ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ಮುರುಘಾಮಠದ ಪ್ರಸಾದನಿಲಯದಲ್ಲಿ ಓದಲೆಂದು ನಾನು ಹೋದದ್ದು ಇದೇ ದಾರಿಯಲ್ಲಿ. ಮುಂದೆ ಪುಸ್ತಕ, ಉಪನ್ಯಾಸ, ಗೋಷ್ಠಿಗಳ ನೆಪದಲ್ಲಿ ನೂರಾರು ಸಲ ಓಡಾಡಿದ್ದೇನೆ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ, ಎರಡೂವರೆ ವರ್ಷದ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು, ಗರ್ಭಿಣಿಯಾದ ಮಗಳ ಜೊತೆಗೆ ಇದೇ ದಾರಿಯಲ್ಲಿ ಮಾಡಿದ ಮೂರು ಪಯಣಗಳು ನನಗೆ ಹೊಸ ಪಾಠವನ್ನೇ ಹೇಳಿದವು. ಅದನ್ನು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆಂದು ಈ ಬರಹ.

ದೀಪಾವಳಿ ಮುಗಿದ ಮೇಲೆ ಮಗಳು ಎರಡನೆಯ ಬಾಣಂತನಕ್ಕೆಂದು ತವರಿಗೆ ಬಂದಳು. ಆಗ ಆಕೆಗೆ ಐದು ತುಂಬಿ ಆರನೆಯ ತಿಂಗಳು. ಒಂದು ಸಂಜೆ ಅವಳ ‘ತಾಯಿ ಕಾರ್ಡು’ ನನ್ನ ಕೈಗೆ ಸಿಕ್ಕಿತು. ತಾಳೆಗರಿಯ ಕಟ್ಟುಗಳಲ್ಲಿ ಕಳೆದುಹೋದ ಗರಿಯನ್ನು ಹುಡುಕುವುದೇ ಕಸುಬಾದ ಕಣ್ಣಿಗೆ ಅದರಲ್ಲಿಯೂ ಖಾಲಿ ಬಿಟ್ಟ ಸಾಲೊಂದು ಕಂಡಿತು. ಮೊದಲ ತಪಾಸಣೆ ನಡೆದಿತ್ತು, ಎರಡನೆಯದು ನಡೆದಿರಲಿಲ್ಲ.

“ಯಾಕವ್ವಾ, ಇದನ್ನು ತೋರಿಸಿಕೊಂಡಿಲ್ಲ?” ಎಂದೆ.

“ಈ ಕೂಸನ್ನ ಯಾರ ಕಡೆ ಬಿಟ್ಟು ಹೋಗ್ಲಿ ಅಪ್ಪಾಜಿ? ಅಲ್ಲಿ ಅತ್ತಿಯವರು ಹೊಲಕ್ಕ ಹೋಗ್ತಾರ. ಇಲ್ಲಿ ಅವ್ವಗ ಮಣಕಾಲ ಬ್ಯಾನಿ. ಹೋದ ತಿಂಗಳ ನಿಮ್ಮನ್ನ ಕೇಳಬೇಕಂತ ಮಾಡಿದ್ದೆ. ನೀವು ಗೋಷ್ಠಿಗೆ ಹೊಂಟು ನಿಂತಿದ್ರಿ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಾಧಾನ ಹೇಳಿಕೊಳ್ಳುತ್ತಿದ್ದೆನೋ ಏನೋ.

ಗರ್ಭಿಣಿಯರಿಗೆ ಕನಿಷ್ಠ ನಾಲ್ಕು ತಪಾಸಣೆಗಳು ಆಗಬೇಕೆಂಬುದು ನಮ್ಮ ದೇಶದ ನಿಯಮ: ಹನ್ನೆರಡು ವಾರದೊಳಗೆ ಒಂದು, 14ರಿಂದ 26 ವಾರದೊಳಗೆ ಎರಡನೆಯದು, 28ರಿಂದ 34ರೊಳಗೆ ಮೂರನೆಯದು, 36 ತುಂಬಿದ ಮೇಲೆ ನಾಲ್ಕನೆಯದು. ವಿಶ್ವ ಆರೋಗ್ಯ ಸಂಸ್ಥೆಯಂತೂ 2016ರಲ್ಲಿ ಎಂಟು ಭೇಟಿಗಳಾದರೂ ಇರಲಿ ಎಂದು ಸೂಚಿಸಿದೆ. ಅದೇ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಡಿಸೆಂಬರ್ 9ಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. “ಕೂಸನ್ನು ನಾನು ನೋಡಿಕೊಳ್ಳುತ್ತೇನೆ” ಎಂದು ಧೈರ್ಯ ಹೇಳಿದೆ. ನೋಡಿಕೊಳ್ಳುವುದೆಂದರೇನು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅಂದು ಮಂಗಳವಾರ. ಎಲ್ಲಮ್ಮನ ಗುಡ್ಡದಿಂದ ಹಿಂದಿರುಗುವ ಭಕ್ತರಿಂದ ಬಸ್ಸು ತುಂಬಿತ್ತು; ಎಲ್ಲರ ಹಣೆಯಲ್ಲಿಯೂ ಭಂಡಾರ, ಕೆಲವರ ತೊಡೆಯ ಮೇಲೆ ಬಿದಿರಿನ ಬುಟ್ಟಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಮಗಳಿಗೆ ಶೂನ್ಯ ದರದ ಚೀಟಿ. ಆರು ವರ್ಷದೊಳಗಿನ ಮೊಮ್ಮಗಳಿಗೆ ಚೀಟಿಯೇ ಬೇಡ. ನಾಲ್ಕು ಜೀವಗಳ ಪಯಣದಲ್ಲಿ ಹಣ ಕೊಟ್ಟವನು ನಾನೊಬ್ಬನೇ. ವಯಸ್ಸಾದ ತಾಯಿಯೊಬ್ಬರು ಮಗಳ ಹೊಟ್ಟೆಯನ್ನು ಕಂಡು ಎದ್ದುನಿಂತು, “ಕುಂದ್ರವ್ವಾ, ದೇವಿ ಪ್ರಸಾದ ತಗೋ” ಎಂದು ಬಾಳೆಹಣ್ಣು ಕೊಟ್ಟರು. ಕಿಟಕಿಯ ಹೊರಗೆ ಎರೆಹೊಲಗಳಲ್ಲಿ ಬಿಳಿಜೋಳ ಮೊಳಕಾಲೆತ್ತರ ನಿಂತಿತ್ತು. ಕಡಲೆ ಹೂವಿಗೆ ಬರುತ್ತಿತ್ತು. ಮಲಪ್ರಭೆಯ ನೀರನ್ನು ಶುದ್ಧಗೊಳಿಸಿ ಹುಬ್ಬಳ್ಳಿ–ಧಾರವಾಡಗಳಿಗೆ ಕಳಿಸುವ ಅಮ್ಮಿನಭಾವಿ ಬಂದಾಗ, ಮೊಮ್ಮಗಳು ನನ್ನ ಧೋತರದ ಮೇಲೆ ತನ್ನ ನೀರನ್ನು ಬಿಟ್ಟಳು. ಬದಲಿ ಬಟ್ಟೆಯನ್ನು ನಾನು ತಂದಿರಲಿಲ್ಲ. ಕೈಚೀಲದಲ್ಲಿದ್ದದ್ದು ಅಚ್ಚಿನ ಕರಡು ತಿದ್ದುವ ಹಾಳೆಗಳು.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ದುಡಿಯುವವರು ಕೆಲವರು, ಬಂದವರು ನೂರಾರು ಜನ. ನಮ್ಮ ಸರದಿ 34. ತೂಕ, ರಕ್ತದೊತ್ತಡ, ಮೂತ್ರ, ರಕ್ತ ಎಂದು ಒಂದೊಂದಕ್ಕೆ ಒಂದೊಂದು ಸಾಲು. ಸಕ್ಕರೆ ಕಾಯಿಲೆಯ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಸರಿಯಾಗಿ ಎರಡು ಗಂಟೆಯ ಅನಂತರ ರಕ್ತ ತೆಗೆಯುತ್ತಾರೆ. ತಾಯಿ ಸಿಹಿನೀರು ಕುಡಿಯುವುದನ್ನು ಕಂಡ ಕೂಸು ತನಗೂ ಬೇಕೆಂದು ನೆಲಕ್ಕೆ ಬಿದ್ದು ಹೊರಳಿತು. ರಕ್ತ ತೆಗೆಯುವಾಗ, “ಅವ್ವಗ ಚುಚ್ಚಬ್ಯಾಡ್ರಿ” ಎಂದು ಕಿರುಚಿ ಆ ತಂಗಿಯ ಸೆರಗನ್ನು ಹಿಡಿದು ಜಗ್ಗಿತು. ಶಾಸ್ತ್ರಗ್ರಂಥಗಳಲ್ಲಿ ಕಠಿಣ ಸ್ಥಳಗಳನ್ನು ಬಿಡಿಸಬಲ್ಲೆನೆಂಬ ನನ್ನ ಹೆಮ್ಮೆ ಆ ಎರಡು ಗಂಟೆಗಳಲ್ಲಿ ಇಳಿಯಿತು.

ಅಂದು ಕಂಡ ಇನ್ನೊಂದು ಸಂಗತಿಯನ್ನು ಮರೆಯಲಾರೆ. ನಮ್ಮ ಮುಂದೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು, ಇಪ್ಪತ್ತೆರಡು–ಇಪ್ಪತ್ಮೂರು ವರ್ಷವಿದ್ದೀತು. ಜೊತೆಗೆ ಯಾರೂ ಇಲ್ಲ, ಬಗಲಲ್ಲಿ ಎರಡು ವರ್ಷದ ಗಂಡುಮಗು. ಹಸಿದ ಮಗು ಅಳತೊಡಗಿತು. ಅವಳ ಸರದಿ ಬಂದು ಕರೆದಾಗ ಮಗುವನ್ನು ಸಮಾಧಾನಪಡಿಸಲು ಆಕೆ ಹೊರಗೆ ಹೋಗಿದ್ದಳು. ಮರಳಿ ಬಂದಾಗ ಬಾಗಿಲಲ್ಲಿ ನಿಂತಿದ್ದವರು, “ಮಕ್ಕಳನ್ನ ಯಾಕ ಕರಕೊಂಡ ಬರ್ತೀರಿ? ಮನ್ಯಾಗ ಬಿಟ್ಟು ಬರಬೇಕಿಲ್ಲೋ?” ಎಂದು ಗದರಿದರು. ಕಡೆಗೆ ನಿಲ್ಲಬೇಕೆಂದರು. ಅವಳು ಒಂದು ಗಳಿಗೆ ನಿಂತಳು. ಗೋಡೆಯ ಗಡಿಯಾರವನ್ನು ನೋಡಿದಳು. ಊರಿನ ಬಸ್ಸಿನ ಹೊತ್ತಾಗಿತ್ತೇನೋ, ಕಾರ್ಡನ್ನು ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡು ಹೊರಟುಹೋದಳು. ಅವಳನ್ನು ಯಾರೂ ಪರೀಕ್ಷಿಸಲಿಲ್ಲ.

ಆ ಹೊತ್ತಿನಲ್ಲಿ ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ನಾನು ಕರಡು ಹಾಳೆಯನ್ನು ತಿದ್ದುತ್ತಿದ್ದೆ. “ತಾಯೀ, ಕೂಸನ್ನ ನನ್ನ ಕಡೆ ಕೊಟ್ಟು ನೀ ಒಳಗ ಹೋಗು” ಎಂಬ ಒಂದು ಮಾತು ಸಾಕಾಗಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಪರರ ಮನೆಯ ಹೆಣ್ಣುಮಗಳು, ನಾನು ಗಂಡಸು, ಏನೆಂದುಕೊಂಡಾಳೋ ಎಂದು ಸುಮ್ಮನಾದೆ. ಅಕ್ಷರದೋಷವೊಂದನ್ನು ತಿದ್ದಿ ಹಾಳೆ ತಿರುವಿದೆ.

ಮಧ್ಯಾಹ್ನ ಮಗಳ ಫಲಿತಾಂಶ ಬಂತು. ಸಕ್ಕರೆ ಇರಲಿಲ್ಲ, ರಕ್ತದೊತ್ತಡ ಸರಿಯಾಗಿತ್ತು. ಆದರೆ ಹಿಮೋಗ್ಲೋಬಿನ್ 8.2. ಗರ್ಭಿಣಿಗೆ 11 ಇರಬೇಕು; 10ಕ್ಕಿಂತ ಕೆಳಗಿಳಿದರೆ ಮಧ್ಯಮ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎಂದು ವೈದ್ಯೆ ತಿಳಿಸಿದರು. “ನಡುವಿನ ತಪಾಸಣೆಗೆ ಬಂದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಹೆರಿಗೆಯ ಹೊತ್ತಿಗೆ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಬೇಕಲ್ಲ ಅಜ್ಜಾರೆ?” ಎಂದರು. ದಿನಕ್ಕೆ ಎರಡು ಕಬ್ಬಿಣಾಂಶದ ಗುಳಿಗೆ. ಚಹ, ಹಾಲುಗಳ ಜೊತೆ ನುಂಗಬಾರದು, ನಿಂಬೆಹಣ್ಣಿನ ನೀರಿನೊಡನೆ ಆದೀತು. ಮಲ ಕಪ್ಪಾದರೆ ಅಂಜಬಾರದು. ತಿಂಗಳಲ್ಲಿ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬೇಕಾದೀತು ಎಂದರು.

ಮನೆಗೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಮಗಳ ರಕ್ತ ಕುಂದಿದ್ದನ್ನು ಕಂಡುಹಿಡಿಯಲು ಒಬ್ಬ ಮುದುಕನ ತೊಡೆ ಬೇಕಾಯಿತು. ತೊಡೆ ಸಿಗದ ಆ ಇನ್ನೊಬ್ಬಳ ರಕ್ತದಲ್ಲಿ ಏನಿತ್ತು? ರಕ್ತದೊತ್ತಡ ಏರಿದ್ದು ಎಷ್ಟೋ ಸಲ ಗರ್ಭಿಣಿಗೇ ತಿಳಿಯದು. ಪಟ್ಟಿ ಕಟ್ಟಿ ನೋಡಿದರೇ ತಿಳಿಯುವುದು. ನೋಡುವವರೆಗೆ ಅವಳನ್ನು ಅಲ್ಲಿ ನಿಲ್ಲಿಸಿಕೊಳ್ಳಬಹುದಾದವನು ನಾನೇ ಆಗಿದ್ದೆ.

ಜನವರಿ 9ಕ್ಕೆ ಸಿದ್ಧನಾಗಿಯೇ ಹೊರಟೆ. ಎರಡು ಜೊತೆ ಬಟ್ಟೆ, ಹಳೆಯ ಸೀರೆಯ ತುಂಡು, ನೀರಿನ ಬಾಟಲಿ, ಮೊಸರನ್ನದ ಡಬ್ಬಿ, ಬಾಳೆಹಣ್ಣು, ಚುರಮುರಿ. ಸೇಂಗಾ ಕಾಳನ್ನು ಹೆಂಡತಿ ತೆಗೆದಿಟ್ಟಳು. ಇಷ್ಟು ಚಿಕ್ಕ ಕೂಸುಗಳಿಗೆ ಅದು ಉಸಿರ್ನಾಳಕ್ಕೆ ಸಿಕ್ಕಿಕೊಂಡೀತೆಂದು ಆಶಾ ಕಾರ್ಯಕರ್ತೆ ಹೇಳಿದ್ದಳಂತೆ. ಅವಳು ಹೇಳಿದ ಇನ್ನೊಂದು ಮಾತೂ ಗಮನಾರ್ಹ: ಮಗುವಿಗೆ ಜ್ವರವೋ ಮೈಮೇಲೆ ಗುಳ್ಳೆಗಳೋ ಇದ್ದರೆ ಅಂದು ಅದನ್ನು ಕರೆದೊಯ್ಯಲೇಬಾರದು, ಸಿಡುಬಿನಂಥ ಗುಳ್ಳೆಬೇನೆ ಸಾಲಿನಲ್ಲಿರುವ ಗರ್ಭಿಣಿಯರಿಗೆ ಅಪಾಯ. ಕರಡು ಹಾಳೆಗಳನ್ನು ಮನೆಯಲ್ಲಿಯೇ ಬಿಟ್ಟೆ.

ಒಳಗೆ ಹೋದೊಡನೆ ಮೊದಲು ಹುಡುಕಿದ್ದು ಆ ಹೆಣ್ಣುಮಗಳನ್ನು. ಅವಳು ಬಂದಿರಲಿಲ್ಲ. ಆದರೆ ಅವಳಂಥವರು ಬಂದಿದ್ದರು. ಒಬ್ಬಾಕೆಯ ಕೂಸು ಅಳತೊಡಗಿದಾಗ ಈ ಸಲ ತಡಮಾಡಲಿಲ್ಲ. “ತಂಗೀ, ಇಲ್ಲಿ ಕೊಡವ್ವಾ. ಇಕಿ ನನ್ನ ಮಗಳು, ಇದು ನನ್ನ ಮೊಮ್ಮಗಳು. ನೀ ಒಳಗ ಹೋಗಿ ಬರೂತನಕ ಇಲ್ಲೇ ಬಾಗಲದ ಎದರಿಗೆ ಕುಂತಿರ್ತೀನಿ” ಎಂದೆ. ಆಕೆ ನನ್ನನ್ನು ನೋಡಿದಳು, ನನ್ನ ಮಗಳನ್ನು ನೋಡಿದಳು. ಅವಳು ತಲೆಯಾಡಿಸಿದ ಮೇಲೆ ಕೂಸನ್ನು ಕೊಟ್ಟಳು. ಮೊಮ್ಮಗಳು ತನ್ನ ಚುರಮುರಿಯನ್ನು ಅದಕ್ಕೆ ಕೊಡಲು ಮೊದಲು ಒಪ್ಪಲಿಲ್ಲ. ಅನಂತರ ಒಂದೊಂದೇ ಕಾಳು ಎಣಿಸಿ ಕೊಟ್ಟಳು. ಹನ್ನೆರಡು ಗಂಟೆಯ ಹೊತ್ತಿಗೆ ನಮ್ಮ ಬೆಂಚಿನ ಸುತ್ತ ನಾಲ್ಕು ಮಕ್ಕಳಿದ್ದವು. ಕಾಗಕ್ಕ–ಗುಬ್ಬಕ್ಕನ ಕಥೆಯನ್ನು ಮೂರು ಸಲ ಹೇಳಿದೆ.

ಪಕ್ಕದ ವೃದ್ಧೆಯೊಬ್ಬರು, “ಮೊದಲನೇದು ಹೆಣ್ಣೇನ್ರಿ ಅಜ್ಜಾರ? ಈ ಸಲ ಗಂಡು ಆಗ್ಲಿ ತಗೋರಿ” ಎಂದು ಹರಸಿದರು. ಭ್ರೂಣದ ಲಿಂಗ ಪತ್ತೆ ಅಪರಾಧವೆಂದು ಸಾರುವ, 1994ರ ಕಾಯಿದೆಯ ಫಲಕ ನಮ್ಮೆದುರಿಗೇ ಇತ್ತು. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಯಾವುದಾದರೂ ಆಗ್ಲಿ ತಾಯೀ, ಇಕೀಗೊಂದು ಜೋಡಿ ಸಿಕ್ಕಂಗಾತು” ಎಂದೆ. ಅಂದು ಮಗಳ ಹಿಮೋಗ್ಲೋಬಿನ್ 9.4ಕ್ಕೆ ಏರಿತ್ತು.

ಫೆಬ್ರುವರಿಯ ಪಯಣದಲ್ಲಿ ಜೋಳ ತೆನೆಗಟ್ಟಿ ಕೊಯ್ಲಿಗೆ ಬಂದಿತ್ತು. ಮಗಳಿಗೆ 37 ವಾರ. ಹಿಮೋಗ್ಲೋಬಿನ್ 10.3. ವೈದ್ಯೆ ಮೊಮ್ಮಗಳನ್ನೂ ಒಳಗೆ ಕರೆದರು. ನಾನು ಪರದೆಯ ಹೊರಗೆ ನಿಂತೆ. ಸಣ್ಣ ಯಂತ್ರವೊಂದನ್ನು ಹೊಟ್ಟೆಯ ಮೇಲಿಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ನಿಮಿಷಕ್ಕೆ 110ರಿಂದ 160 ಇದ್ದರೆ ಕ್ಷೇಮ. ಪರದೆಯಾಚೆಗೆ ಆ ಅವಸರದ ಸದ್ದು ಕೇಳಿಬಂತು. ಗಳಿಗೆ ಹೊತ್ತು ಮೌನವಾಗಿದ್ದ ಮೊಮ್ಮಗಳು ಗಟ್ಟಿಯಾಗಿ ಕೂಗಿದಳು: “ಅಜ್ಜಾ, ಅವ್ವನ ಹೊಟ್ಟ್ಯಾಗ ಗಿರಣಿ ನಡದೈತಿ!” ಒಳಗಿದ್ದವರೆಲ್ಲ ನಕ್ಕರು. ನಮ್ಮೂರ ಹಿಟ್ಟಿನ ಗಿರಣಿಗೆ ಅವಳನ್ನು ದಿನವೂ ಕರೆದೊಯ್ಯುವವನು ನಾನೇ. ಅಂದಿನಿಂದ ಅವಳು ತಾಯಿಯ ಹೊಟ್ಟೆಗೆ ಕಿವಿಯಿಟ್ಟು, “ಇನ್ನ ಬೀಸೂದ ಮುಗದಿಲ್ಲ” ಎನ್ನುತ್ತಾಳೆ.

ಬಂಧುಗಳೇ, ಮೂರು ವರ್ಷ ತುಂಬದ ಕೂಸಿಗೆ ಅಂಗನವಾಡಿಯ ಶಾಲಾಪೂರ್ವ ತರಗತಿಯಲ್ಲಿ ಸ್ಥಳವಿಲ್ಲ. ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆ 2023ರಲ್ಲಿ ಬಂದಿದೆ, ಅದು ಒಳ್ಳೆಯದೇ. ಆದರೆ ಗರ್ಭಿಣಿಯರು ಸಾಲಿನಲ್ಲಿ ಕಾಯುವ ಆಸ್ಪತ್ರೆಯ ಅಂಗಳದಲ್ಲಿಯೂ ಒಂದು ಚಾಪೆ, ಒಂದಿಷ್ಟು ಆಟಿಕೆ, ನೋಡಿಕೊಳ್ಳುವ ಒಬ್ಬರು ಇದ್ದರೆ ಎಷ್ಟೋ ಕಾರ್ಡುಗಳ ಖಾಲಿ ಸಾಲುಗಳು ತುಂಬುತ್ತವೆ. ಅದಾಗುವವರೆಗೆ ಮನೆಯ ಹಿರಿಯರು ಇದ್ದೇವಲ್ಲ? ನಿವೃತ್ತರಾದ ಗಂಡಸರು ಕಟ್ಟೆಯ ಮೇಲೆ ಕಳೆಯುವ ಹೊತ್ತಿನಲ್ಲಿ ತಿಂಗಳಿಗೊಂದು ದಿನವನ್ನು ಮಗಳಿಗೋ ಸೊಸೆಗೋ ಕೊಟ್ಟರೆ ಸಾಕು. “ಕೂಸನ್ನು ಯಾಕೆ ಕರೆದುಕೊಂಡು ಹೋಗುತ್ತೀ” ಎಂದು ಕೇಳುವ ಬದಲು “ನಾನೂ ಬರುತ್ತೇನೆ” ಎನ್ನೋಣ. ಹೋದಲ್ಲಿ ಪಕ್ಕದ ಕೂಸಿಗೂ ತೊಡೆಯಲ್ಲಿ ಇಷ್ಟು ಜಾಗ ಉಳಿದೀತು.

ಹೆರಿಗೆಗೆ ಇನ್ನು ಕೆಲವೇ ದಿನಗಳಿವೆ. ಮಗಳ ಕಾರ್ಡಿನಲ್ಲಿ ಖಾಲಿ ಉಳಿದದ್ದು ಆ ಒಂದೇ ಸಾಲು. ಡಿಸೆಂಬರಿನಲ್ಲಿ ಪರೀಕ್ಷೆಯಿಲ್ಲದೆ ಹಿಂದಿರುಗಿದ ಆ ತಾಯಿ ಬೇರೆಲ್ಲಿಯಾದರೂ ತೋರಿಸಿಕೊಂಡಿರಲಿ, ಸುಖವಾಗಿ ಹಡೆಯಲಿ ಎಂದು ಪ್ರತಿದಿನ ಬೆಳಗಿನ ಪೂಜೆಯಲ್ಲಿ ಬೇಡಿಕೊಳ್ಳುತ್ತೇನೆ. ಹೆಸರು ಕೇಳಿಕೊಳ್ಳಲಿಲ್ಲವಾದ್ದರಿಂದ, ‘ಸೆರಗಿಗೆ ಕಾರ್ಡು ಸಿಕ್ಕಿಸಿಕೊಂಡವಳು’ ಎಂದೇ ನೆನೆಯುತ್ತೇನೆ.