ಕಂಪ್ಯೂಟರಿಗೆ ಕರೆಂಟ್ ಬಡಿಸುವ ಡಬ್ಬಿ

ಕಂಪ್ಯೂಟರ್ ಕೊಳ್ಳುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎಸ್‌ಎಂಪಿಎಸ್ ಯಾವುದು ಅಂತ ಕೇಳುವವರು ಕಡಿಮೆ. ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ತಗಡಿನ ಡಬ್ಬಿ ಅದು. ಕಳಪೆಯದಾದರೆ ತಾನೊಂದೇ ಕೆಡುವುದಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ, ಹಂಗಳದ ಕಡೆ, ನಮ್ಮ ಗೆಳೆಯನೊಬ್ಬನ ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್ ಪ್ರಿಂಟ್, ವಿದ್ಯಾರ್ಥಿವೇತನದ ಅರ್ಜಿ ಎಲ್ಲಕ್ಕೂ ಇರುವುದು ಒಂದೇ ಕಂಪ್ಯೂಟರ್. ಅರ್ಜಿ ಹಾಕುವ ಕೊನೆಯ ದಿನವೇ ಅದು ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ಅಂಕಪಟ್ಟಿ ಹಿಡಿದು ನಿಂತಿದ್ದ ಮಕ್ಕಳನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿ, ನಾವು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆವು.

ಪತ್ರಿಕೋದ್ಯಮ ಓದಿದ ನಮಗೆ ಸಣ್ಣಕ್ಷರ ಓದುವ ಚಟ. ಎಸ್‌ಎಂಪಿಎಸ್ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟಿಗೆ ಬರೆದಿದ್ದು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್ ಅಷ್ಟೇ! ಇಂದಿನ ಕಂಪ್ಯೂಟರ್‌ಗಳು ಹೆಚ್ಚಿನ ಶಕ್ತಿಯನ್ನು ಎಳೆಯುವುದೇ 12 ವೋಲ್ಟಿನ ತಂತಿಯಿಂದ. ಒಳ್ಳೆಯ ಕಂಪನಿಯ 450 ವ್ಯಾಟಿನ ಡಬ್ಬಿಯಲ್ಲಿ ಆ ಸಾಲಿನಲ್ಲೇ 400 ವ್ಯಾಟಿನ ಮೇಲೆ ಸಿಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಲೆಕ್ಕ ಇದೇ.

ಎರಡನೆಯದು ಇನ್‌ಪುಟ್ ಸಾಲು. ಕೆಲವು ಡಬ್ಬಿಗಳ ಮೇಲೆ 200–240 ವೋಲ್ಟ್ ಅಂತಿರುತ್ತದೆ, ಕೆಲವದರ ಮೇಲೆ 100–240. ನಮ್ಮೂರುಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದರೆ ಬಲ್ಬು ಮಂಕಾಗುವುದು ನಿಮಗೆ ಗೊತ್ತೇ ಇದೆ. ಅಂಥ ಕಡೆ 100–240 ಇರುವುದೇ ವಾಸಿ. ವೋಲ್ಟೇಜ್ ಇಳಿದರೂ ಅದು ತಡೆದುಕೊಳ್ಳುತ್ತದೆ.

ಮೂರನೆಯದು ‘80 ಪ್ಲಸ್’ ಗುರುತು. ಡಬ್ಬಿ ಎಳೆದುಕೊಂಡ ಕರೆಂಟಿನಲ್ಲಿ ಕನಿಷ್ಠ ಶೇ. 80ರಷ್ಟನ್ನು ಕಂಪ್ಯೂಟರಿಗೆ ತಲುಪಿಸುತ್ತದೆ ಅಂತ ಇದರರ್ಥ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಬ್ರಾಂಜ್, ಗೋಲ್ಡ್ ಅಂತ ಮೇಲಕ್ಕೆ ಹೋದಷ್ಟೂ ನಷ್ಟ ಕಡಿಮೆ. ಆದರೆ ಈ ಗುರುತು ಅಳೆಯುವುದು ಮುಖ್ಯವಾಗಿ ಉಳಿತಾಯವನ್ನು, ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿ ಎಷ್ಟು ವರ್ಷ, ಒಳಗಿನ ಕೆಪಾಸಿಟರ್ 105 ಡಿಗ್ರಿಯದೋ 85 ಡಿಗ್ರಿಯದೋ ಅಂತ ಕೇಳಿ. 105 ಇದ್ದರೆ ಬಿಸಿಗೆ ಬೇಗ ಸೋಲುವುದಿಲ್ಲ.

ಈಗ ಮಾಡ್ಯುಲರ್ ಅನ್ನುವ ಬಗೆ ಬಂದಿದೆ. ಇದರಲ್ಲಿ ಬೇಕಾದ ತಂತಿಯನ್ನಷ್ಟೇ ಚುಚ್ಚಿಕೊಳ್ಳಬಹುದು. ಬೇಡದ ತಂತಿಗಳ ಗೋಜಲು ಇರದಿದ್ದರೆ ಗಾಳಿ ಸಲೀಸಾಗಿ ಆಡುತ್ತದೆ, ಧೂಳು ಒರೆಸುವುದೂ ಸುಲಭ. ಬೆಟ್ಟದ ಮಂಜಿನ ತೇವ ಧೂಳಿಗೆ ಕೂತರೆ ಒಳ್ಳೆಯದಲ್ಲ, ಹಾಗಾಗಿ ನಮ್ಮ ಕಡೆಗೆ ಇದು ಅನುಕೂಲವೇ. ಆದರೆ ಮಾಡ್ಯುಲರ್ ಅಂದಮಾತ್ರಕ್ಕೆ ಒಳಗಿನ ಸರಕು ಒಳ್ಳೆಯದು ಅಂತಲ್ಲ. ಮೇಲಿನ ಮೂರೂ ಲೆಕ್ಕ ಇದಕ್ಕೂ ಅನ್ವಯ.

ಇನ್ನೊಂದು ಅಪಾಯವಿದೆ. ಡಬ್ಬಿಯ ಕಡೆಗೆ ಚುಚ್ಚುವ ತುದಿಗೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಪಿನ್‌ಗಳ ಕ್ರಮ ಬೇರೆ ಇರಬಹುದು. ಹಳೆಯ ಡಬ್ಬಿಯ ತಂತಿ ಹೊಸದಕ್ಕೆ ಸರಿಯಾಗಿ ಕೂತರೂ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್ ಸುಡುತ್ತದೆ. ಉಳಿದ ತಂತಿಗಳನ್ನು ಕವರಿಗೆ ಹಾಕಿ, ಮಾಡೆಲ್ ಹೆಸರು ಬರೆದು ಇಟ್ಟುಕೊಳ್ಳಿ.

ಕೆಟ್ಟ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಉಳಿದಿರಬಹುದು, ಅದು ಜೀವಕ್ಕೇ ಕುತ್ತು. ಮನೆಯ ಅರ್ಥಿಂಗ್ ಸರಿಯಿದೆಯೇ ಅಂತಲೂ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ.

ಕೊಳ್ಳುವ ಮುಂಚೆ ಲೇಬಲ್ಲಿನ ಫೋಟೊ ತೆಗೆಯಿರಿ. ಕ್ಯಾಲ್ಕುಲೇಟರ್ ನಿಮ್ಮ ಫೋನಿನಲ್ಲೇ ಇದೆ. 12ರಿಂದ ಗುಣಿಸಿ ನೋಡಿ, ಆಮೇಲೆ ದುಡ್ಡು ಕೊಡಿ.