ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಎಡಕ್ಕೆ ಚಾಮುಂಡಿ ಬೆಟ್ಟ ಸ್ವಲ್ಪ ದೂರ ಜೊತೆಗೇ ಬರುತ್ತದೆ. ಈ ಸುತ್ತಮುತ್ತ ಈಗ ವೃದ್ಧಾಶ್ರಮಗಳು ಸಾಕಷ್ಟಿವೆ. ಮರೆವಿನ ಕಾಯಿಲೆ ಬಂದಿರುವ ದೊಡ್ಡಮ್ಮನಿಗಾಗಿ ಅಮ್ಮನೂ ನಾನೂ ಅಂಥ ಮೂರು ಕಡೆ ಹೋಗಿ ಬಂದೆವು.

ಮೊದಲನೆಯದು ಗ್ರಾನೈಟ್ ನೆಲ, ಕಾರಂಜಿ, ದೊಡ್ಡ ಟಿವಿ. ಮ್ಯಾನೇಜರ್ ಎಲ್ಲ ತೋರಿಸಿದರು. "ರಾತ್ರಿ ಎಷ್ಟು ಜನ ಇರ್ತಾರೆ ಸರ್?" ಅಂದೆ. "ಇಪ್ಪತ್ನಾಲ್ಕು ಗಂಟೆ ಸ್ಟಾಫ್ ಇದೆ" ಅಂದರು. ಬಿಡದೆ ಕೇಳಿದಾಗ ಲೆಕ್ಕ ಸಿಕ್ಕಿತು: 32 ಮಂದಿ ಹಿರಿಯರಿಗೆ ಇಬ್ಬರು. ಅದರಲ್ಲಿ ಒಬ್ಬ ವಾಚ್‌ಮನ್! ನಮ್ಮ ಆಫೀಸಿನಲ್ಲಿ ನಡುರಾತ್ರಿ ಸರ್ವರ್ ನಿಂತರೆ ಯಾರು ಏಳಬೇಕು, ಅವರು ಏಳದಿದ್ದರೆ ಮುಂದೆ ಯಾರು ಅಂತ ಹೆಸರು ಬರೆದಿಟ್ಟಿರುತ್ತೇವೆ. ಮನುಷ್ಯರಿಗೆ ಅಷ್ಟೂ ಬೇಡವೇ?

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಮಂಚಕ್ಕೆ ನೇತುಹಾಕಿದ್ದ ಚಾರ್ಟ್ ನೋಡಿದೆ. ಸಂಜೆ ನಾಲ್ಕಕ್ಕೇ ರಾತ್ರಿ ಹತ್ತರವರೆಗಿನ ಸಹಿ ಬಿದ್ದಾಗಿತ್ತು. ಅಷ್ಟರಲ್ಲಿ ಅಮ್ಮ ಪಕ್ಕದ ಅಜ್ಜಿಯನ್ನು, "ರಾತ್ರಿ ಕರೆದರೆ ಯಾರು ಬರ್ತಾರಮ್ಮ?" ಅಂತ ಕೇಳಿದ್ದರು. "ಬೆಳಗಾಗ್ಲಿ ಅಂತ ಕಾಯ್ತೀನಿ ಕಣವ್ವ" ಅಂದರಂತೆ.

ಎರಡನೆಯ ಕಡೆ ಎರಡೇ ತಿಂಗಳಲ್ಲಿ ಆಯಾಗಳೆಲ್ಲ ಬದಲಾಗಿದ್ದರು. ಯಾರಿಗೆ ಯಾವ ಮಾತ್ರೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಮೂರನೆಯದಕ್ಕೆ ಹೇಳದೇ ಕೇಳದೇ ಭಾನುವಾರ ಸಂಜೆ ಹೋದೆವು. ಹಳೇ ಹೆಂಚಿನ ಮನೆ, ಬಣ್ಣ ಹೋದ ಕುರ್ಚಿಗಳು. ಆದರೆ ಬಚ್ಚಲು ಒಣಗಿತ್ತು, ನಾತವಿರಲಿಲ್ಲ. ಯಾರ ಕಾಫಿಗೆ ಸಕ್ಕರೆ ಬೇಡ ಅನ್ನುವುದು ಆಯಾಗೆ ಬಾಯಿಪಾಠ. "ಎಂಟು ವರ್ಷ ಆಯ್ತಪ್ಪ ಇಲ್ಲಿಗೆ ಬಂದು" ಅಂದರು. ಅಮ್ಮ ಅದೇ ಪ್ರಶ್ನೆ ಕೇಳಿದಾಗ ಅಲ್ಲಿನ ಅಜ್ಜಿ ತಟ್ಟನೆ ಆ ಆಯಾಳ ಹೆಸರು ಹೇಳಿದರು.

ದೊಡ್ಡಮ್ಮನನ್ನು ಅಲ್ಲಿಗೇ ಸೇರಿಸಿದ್ದೇವೆ. ಹದಿನೈದು ದಿನಕ್ಕೊಮ್ಮೆ, ಹೊತ್ತಲ್ಲದ ಹೊತ್ತಿಗೆ ಹೋಗಿ ಬರುತ್ತೇವೆ.

ಪ್ರತಿ ಜಿಲ್ಲೆಯಲ್ಲೂ ವೃದ್ಧಾಶ್ರಮದ ಬಗ್ಗೆ 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಮಾಹಿತಿಗೆ, ದೂರಿಗೆ 14567 ಸಹಾಯವಾಣಿಯೂ ಇದೆ. ಆದರೂ ಸೇರಿಸುವ ಮುನ್ನ ನೀವೇ ಹೋಗಿ. ಮ್ಯಾನೇಜರ್ ರೂಮಿನಲ್ಲಿ ಹತ್ತು ನಿಮಿಷ ಸಾಕು. ಉಳಿದ ಹೊತ್ತು ಮಂಚದ ಪಕ್ಕ ಕೂತು, ಅಲ್ಲಿರುವವರನ್ನೇ ಕೇಳಿ.